ಪುಣೆಯ ಒಣ ಬಿಸಿಲಿನಲ್ಲಿ ಹಿತ್ತಲ ಕೋಳಿ ಸಾಕುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಎರಡು ವರ್ಷದ ಹಿಂದೆ, ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನ ಮೂರು ಗಂಟೆ. ಉರುಳಿ ಕಾಂಚನ್ ಹತ್ತಿರದ ನಮ್ಮ ಮನೆಯ ಹಿತ್ತಲಲ್ಲಿ ಎರಡು ಹೇಂಟೆಗಳು ಗೂಡಿನ ಮೂಲೆಯಲ್ಲಿ ಸತ್ತು ಬಿದ್ದಿದ್ದವು. ಕಾಳಿನ ಡಬ್ಬಿ ತುಂಬಿತ್ತು. ನೀರಿನ ಡಬ್ಬಿಯೂ ತುಂಬಿತ್ತು. ಆದರೆ ಕೈ ಅದ್ದಿದರೆ ಸ್ನಾನಕ್ಕೆ ಕಾಯಿಸಿದ ನೀರಿನ ಹಾಗಿತ್ತು. ಇಂಡಿಯಿಂದ ಬಂದಿದ್ದ ಅವ್ವ ನೋಡಿ ಹೇಳಿದಳು: "ಕೋಳಿಗಿ ಮೊದ್ಲ ತಣ್ಣೀರು, ಆಮ್ಯಾಲ ಕಾಳು. ನೀ ಉಲ್ಟಾ ಮಾಡೀದಿ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಅವತ್ತಿನಿಂದ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಪುಣೆಯ ಹೊರವಲಯದಲ್ಲಿ ಮನೆ ಕಟ್ಟಿಕೊಂಡ ನಮ್ಮವರು ತುಂಬಾ ಜನ ಇದ್ದಾರೆ. ಹಿತ್ತಲಲ್ಲಿ ಜಾಗ ಸಿಕ್ಕ ಕೂಡಲೇ ನಾಲ್ಕು ಕೋಳಿ ಸಾಕೋಣ ಅನಿಸುತ್ತದೆ, ಅಲ್ವಾ? ಸಾಕಿ, ಖಂಡಿತ ಸಾಕಿ. ಆದರೆ ಬೇಸಿಗೆಗೆ ಮೊದಲೇ ತಯಾರಾಗಿ.

ಪುಣೆ ಮರುಭೂಮಿಯಲ್ಲ. ಆದರೆ ಸಹ್ಯಾದ್ರಿ ಮಳೆಮೋಡವನ್ನು ಪಶ್ಚಿಮದಲ್ಲೇ ತಡೆಯುವುದರಿಂದ ಪೂರ್ವದ ದೌಂಡ್, ಬಾರಾಮತಿ, ಇಂದಾಪುರ, ಶಿರೂರು ಎಲ್ಲ ಮಳೆನೆರಳಿನ ನಾಡು. ಮಾರ್ಚಿಯಿಂದ ಮೇ ತನಕ ಮಧ್ಯಾಹ್ನದ ಗಾಳಿಯಲ್ಲಿ ತೇವವೇ ಇರುವುದಿಲ್ಲ. ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಬೆಳಗಿನ ಜಾವ ಮತ್ತೆ 20ರ ಆಸುಪಾಸಿಗೆ ಇಳಿಯುತ್ತದೆ. ರಾಜಸ್ಥಾನದ ಕಡೆ ಕೋಳಿ ಸಾಕುವವರು ಎದುರಿಸುವ ಒಣ ಬಿಸಿಲಿನದೂ ಇದೇ ಗುಣ. ಇದರಲ್ಲಿ ಒಂದು ಒಳ್ಳೆಯದೂ ಇದೆ. ಒಣ ಗಾಳಿಯಲ್ಲಿ ನೀರು ಬೇಗ ಆರುತ್ತದೆ, ಆರುವಾಗ ತಂಪು ಮಾಡುತ್ತದೆ. ಮುಂಬೈ, ಗೋವಾದಲ್ಲಿರುವವರು ಇದನ್ನು ಗಮನಿಸಬೇಕು: ನಿಮ್ಮಲ್ಲಿ ಗಾಳಿಯೇ ತೇವದಿಂದ ತುಂಬಿರುತ್ತದೆ. ಅಲ್ಲಿ ನೀರು ಚಿಮುಕಿಸಿದರೆ ಸೆಕೆ ಹೆಚ್ಚುತ್ತದೆಯೇ ಹೊರತು ತಂಪಾಗುವುದಿಲ್ಲ. ನಿಮಗೆ ನೆರಳು ಮತ್ತು ಫ್ಯಾನೇ ಗತಿ.

ಮೊದಲು ಕೋಳಿಯ ಮೈ ಅರ್ಥಮಾಡಿಕೊಳ್ಳಿ

ಕೋಳಿಯ ಮೈ ಬಿಸಿ 41ರಿಂದ 42 ಡಿಗ್ರಿ. ಅದಕ್ಕೆ ಬೆವರು ಬರುವುದಿಲ್ಲ. ಮೈ ತುಂಬಾ ಗರಿ ಬೇರೆ. ಬಿಸಿ ಹೊರಹಾಕಲು ಅದಕ್ಕಿರುವ ದಾರಿ ಕೆಲವೇ. ಜುಟ್ಟು ಮತ್ತು ಗಲ್ಲದ ಕೆಳಗಿನ ಜೋಲು ಚರ್ಮದಲ್ಲಿ ರಕ್ತ ಹರಿಸುತ್ತದೆ. ರೆಕ್ಕೆಗಳನ್ನು ಮೈಯಿಂದ ದೂರ ಹಿಡಿಯುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತದೆ. ಸುತ್ತಲಿನ ಗಾಳಿ 30 ಡಿಗ್ರಿ ದಾಟಿದಾಗ ಅದಕ್ಕೆ ತೊಂದರೆ ಶುರುವಾಗುತ್ತದೆ. 38 ದಾಟಿದರೆ ಅಪಾಯ.

ಏದುಸಿರು ಬಿಟ್ಟಷ್ಟೂ ಮೈಯೊಳಗಿನ ನೀರು ಹೋಗುತ್ತದೆ. ಜೊತೆಗೆ ಇಂಗಾಲದ ಡೈಆಕ್ಸೈಡ್ ಕೂಡ ಜಾಸ್ತಿ ಹೊರಹೋಗಿ ರಕ್ತದ ಗುಣ ಬದಲಾಗುತ್ತದೆ. ಆಗ ಮೊಟ್ಟೆಯ ಚಿಪ್ಪಿಗೆ ಬೇಕಾದ ಸುಣ್ಣದ ಅಂಶ ಸರಿಯಾಗಿ ಸಿಗುವುದಿಲ್ಲ. ಮೇ ತಿಂಗಳಲ್ಲಿ ಮುಟ್ಟಿದರೆ ಒಡೆಯುವ ತೆಳು ಚಿಪ್ಪಿನ ಮೊಟ್ಟೆ ಬರುವುದು ಇದಕ್ಕೇ. ಬರೀ ಚಿಪ್ಪುಪುಡಿ ಸುರಿದರೆ ಅದು ಸರಿಹೋಗುವುದಿಲ್ಲ. ಕೋಳಿ ತಂಪಾಗಬೇಕು.

ಹೆಜ್ಜೆ 1: ಬಿಸಿಲು ತಾಳುವ ಕೋಳಿ, ಸರಿಯಾದ ಕಾಲ

ಹಗುರ ಮೈ, ಉದ್ದ ಕಾಲು, ದೊಡ್ಡ ಜುಟ್ಟು, ಕಡಿಮೆ ಗರಿ. ಇವು ಬಿಸಿಲು ತಾಳುವ ಕೋಳಿಯ ಲಕ್ಷಣ. ಕತ್ತಿನ ಮೇಲೆ ಗರಿಯೇ ಇಲ್ಲದ ಬೋಳು ಕತ್ತಿನ ಕೋಳಿ ಕಂಡರೆ ಬಿಡಬೇಡಿ. ಚೆಂದ ಕಾಣುವುದಿಲ್ಲ ಅಂತ ಜನ ತಳ್ಳಿಬಿಡುತ್ತಾರೆ, ಆದರೆ ಬೇಸಿಗೆಯಲ್ಲಿ ಅದೇ ಗಟ್ಟಿ.

ಇಲ್ಲಿಯ ವಾರದ ಸಂತೆಗಳಲ್ಲಿ ಸಿಗುವ ನಾಟಿಕೋಳಿಗೆ ಮರಾಠಿಯಲ್ಲಿ ಗಾವರಾನ್ ಅನ್ನುತ್ತಾರೆ. ಹೊಸಬರಿಗೆ ನಾನು ಹೇಳುವುದು ಅದನ್ನೇ. ಮೊಟ್ಟೆ ಜಾಸ್ತಿ ಬೇಕು ಅನ್ನುವವರಿಗೆ ಹೈದರಾಬಾದಿನಲ್ಲಿ ಅಭಿವೃದ್ಧಿಪಡಿಸಿದ ಗ್ರಾಮಪ್ರಿಯ ಚೆನ್ನಾಗಿದೆ. ನಮ್ಮ ಬೆಂಗಳೂರಿನ ಗಿರಿರಾಜ ಮೇಲೆ ನನಗೂ ಪ್ರೀತಿ ಇದೆ, ಆದರೆ ಅದರ ಮೈ ಭಾರ, ನೆರಳು ಜಾಸ್ತಿ ಬೇಕು. ಉದಯಪುರದಲ್ಲಿ ರಾಜಸ್ಥಾನಕ್ಕೆಂದೇ ರೂಪಿಸಿದ ಪ್ರತಾಪಧನ್ ತಳಿಯೂ ಇದೆ. 2018ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಪಡೆದ, ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್ ಗಟ್ಟಿ ಕೋಳಿಯೇ. ಆದರೆ ಕಪ್ಪು ಗರಿ ಬಿಸಿಲು ಹೀರುತ್ತದೆ, ನೆರಳಿಲ್ಲದ ಬಯಲಲ್ಲಿ ಅದನ್ನು ಬಿಡಬೇಡಿ. ಬ್ರಾಯ್ಲರ್ ಮರಿ ತಂದು ಹಿತ್ತಲಲ್ಲಿ ಬೆಳೆಸುವ ಆಸೆ ಮಾತ್ರ ಬೇಡ. ಅವು ಈ ಬಿಸಿಲಲ್ಲಿ ಮೊದಲು ಸಾಯುತ್ತವೆ.

ಮರಿಗಿಂತ ಎರಡು ಎರಡೂವರೆ ತಿಂಗಳ ಪಡ್ಡೆ ಕೋಳಿ ತರುವುದು ಸುಲಭ. ಇಲ್ಲಿ ಅದಕ್ಕೆ ತಲಂಗ ಅನ್ನುತ್ತಾರೆ. ಮಳೆ ಮುಗಿದ ಮೇಲೆ, ಅಕ್ಟೋಬರಿನಲ್ಲಿ ತನ್ನಿ. ಬೇಸಿಗೆ ಬರುವಷ್ಟರಲ್ಲಿ ಅವು ಈ ಜಾಗಕ್ಕೆ ಹೊಂದಿಕೊಂಡಿರುತ್ತವೆ. ಮಾರ್ಚಿನಲ್ಲಿ ತಂದರೆ ಹೊಸ ಜಾಗ, ಹೊಸ ಬಿಸಿಲು ಎರಡೂ ಒಟ್ಟಿಗೆ ಬೀಳುತ್ತವೆ. ಶುರುವಿಗೆ ಐದಾರು ಸಾಕು. ಮೊಟ್ಟೆಗೆ ಹುಂಜ ಬೇಕಿಲ್ಲ. ಅಕ್ಕಪಕ್ಕ ಮನೆಗಳು ಒತ್ತಾಗಿದ್ದರೆ ಹುಂಜ ಬೇಡವೇ ಬೇಡ, ನಾಲ್ಕು ಗಂಟೆಗೇ ಕೂಗಿ ಓಣಿಯನ್ನೆಲ್ಲ ಎಬ್ಬಿಸುತ್ತದೆ. ತರುವ ಮೊದಲು ನಿಮ್ಮ ಸೊಸೈಟಿಯಲ್ಲೋ ಪಂಚಾಯಿತಿಯಲ್ಲೋ ಒಮ್ಮೆ ಕೇಳಿಕೊಳ್ಳಿ.

ಹೆಜ್ಜೆ 2: ಗೂಡು

ನನ್ನ ಮೊದಲ ಗೂಡಿಗೆ ತಗಡಿನ ಚಾವಣಿ, ನಾಲ್ಕು ಅಡಿ ಎತ್ತರ, ಮೂರು ಕಡೆ ಹಲಗೆ. ಕಳ್ಳ ಬೆಕ್ಕಿನ ಭಯಕ್ಕೆ ಹಾಗೆ ಮಾಡಿದ್ದೆ. ಬೆಕ್ಕು ಬರಲಿಲ್ಲ, ಬಿಸಿಲು ಬಂತು. ಆ ಗೂಡು ಒಂದು ಒಲೆಯಾಗಿತ್ತು.

ಈಗಿನ ಗೂಡನ್ನು ಹೀಗೆ ಕಟ್ಟಿದ್ದೇನೆ. ಉದ್ದನೆಯ ಬದಿ ಪೂರ್ವ-ಪಶ್ಚಿಮಕ್ಕೆ ಚಾಚಿದೆ. ಹಾಗಾದಾಗ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಗಿಡ್ಡ ಗೋಡೆಗೆ ಮಾತ್ರ ಬೀಳುತ್ತದೆ. ಉತ್ತರ ಮತ್ತು ದಕ್ಷಿಣದ ಉದ್ದ ಬದಿಗಳು ಪೂರ್ತಿ ಜಾಲರಿ, ಗಾಳಿ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಹೊರಡುತ್ತದೆ. ಪಶ್ಚಿಮದ ಗೋಡೆ ಮಾತ್ರ ಇಟ್ಟಿಗೆಯದು. ಸಂಜೆ ನಾಲ್ಕರ ಬಿಸಿಲು ಎಷ್ಟು ಕೆಟ್ಟದ್ದು ಅಂತ ಈ ಕಡೆ ಇದ್ದವರಿಗೆ ಗೊತ್ತು. ಆ ಗೋಡೆಯ ಮೇಲೆ ತೊಂಡೆಬಳ್ಳಿ ಹಬ್ಬಿಸಿದ್ದೇನೆ. ಗೋಡೆಯೂ ತಂಪು, ಪಲ್ಯಕ್ಕೂ ಆಯಿತು.

ಚಾವಣಿ ಏಳಡಿ ಎತ್ತರ. ತಗಡು ಬಿಟ್ಟಿಲ್ಲ, ಮಳೆಗೆ ಅದು ಬೇಕು. ಆದರೆ ತಗಡಿನ ಮೇಲ್ಭಾಗಕ್ಕೆ ಮಾರ್ಚಿ ಮೊದಲ ವಾರದಲ್ಲಿ ಸುಣ್ಣ ಬಳಿಯುತ್ತೇನೆ, ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ. ತಗಡಿನಿಂದ ಒಂದು ಗೇಣು ಮೇಲೆ ಬಿದಿರು ಕಟ್ಟಿ, ಅದರ ಮೇಲೆ ಕಬ್ಬಿನ ರವದಿ, ಅಂದರೆ ಒಣ ಎಲೆ, ಹರಡುತ್ತೇನೆ. ಈ ಭಾಗದಲ್ಲಿ ಕಬ್ಬಿಗೆ ಬರವಿಲ್ಲ, ರವದಿ ಸುಲಭವಾಗಿ ಸಿಗುತ್ತದೆ. ಜೋಳದ ಕಣಿಕೆಯಾದರೂ ಆದೀತು. ನಡುವಿನ ಆ ಗೇಣು ಜಾಗ ಬಹಳ ಮುಖ್ಯ. ಅಲ್ಲಿ ಗಾಳಿ ಆಡುವುದರಿಂದ ರವದಿಯ ಬಿಸಿ ತಗಡಿಗೆ ಇಳಿಯುವುದಿಲ್ಲ. ಒಣ ರವದಿ ಬೇಗ ಬೆಂಕಿ ಹಿಡಿಯುತ್ತದೆ, ಹತ್ತಿರದಲ್ಲಿ ಕಸ ಸುಡಬೇಡಿ, ವಿದ್ಯುತ್ ತಂತಿ ತಾಗಿಸಬೇಡಿ.

ಜಾಗದ ಲೆಕ್ಕ: ಗೂಡಿನೊಳಗೆ ಒಂದು ಕೋಳಿಗೆ 4 ಚದರ ಅಡಿ, ಹೊರಗೆ ಓಡಾಡಲು 10 ಚದರ ಅಡಿ. ಬೇಸಿಗೆಯಲ್ಲಿ ಇದಕ್ಕಿಂತ ಕಡಿಮೆ ಮಾಡಲೇಬೇಡಿ. ಒತ್ತೊತ್ತಾಗಿ ಕೂತರೆ ಒಂದರ ಬಿಸಿ ಇನ್ನೊಂದಕ್ಕೆ. ಕೂರುವ ಕೋಲು ಒಂದು ಕೋಳಿಗೆ 20ರಿಂದ 25 ಸೆಂಟಿಮೀಟರ್, ಚಾವಣಿಯಿಂದ ಸಾಕಷ್ಟು ಕೆಳಗೆ. ಮೊಟ್ಟೆ ಇಡುವ ಪೆಟ್ಟಿಗೆ ನಾಲ್ಕೈದು ಹೇಂಟೆಗೆ ಒಂದು. ಅದನ್ನು ಅತಿ ನೆರಳಿನ ಜಾಗದಲ್ಲಿಡಿ, ಏಕೆಂದರೆ ಮೊಟ್ಟೆ ಇಡುವ ಹೇಂಟೆ ಬಿಸಿಯಾದರೂ ಅಲ್ಲಿಂದ ಏಳುವುದಿಲ್ಲ. ಜಾಲರಿ ಅರ್ಧ ಇಂಚಿನದು, ನೆಲದೊಳಗೆ ಒಂದು ಅಡಿ ಹೂತಿರಲಿ. ಮುಂಗುಸಿ, ಹೆಗ್ಗಣ ಅಗೆದು ಒಳಗೆ ಬರುತ್ತವೆ.

ಹೆಜ್ಜೆ 3: ನೀರು

ಇದೊಂದನ್ನು ಸರಿ ಮಾಡಿದರೆ ಅರ್ಧ ಗೆದ್ದ ಹಾಗೆ.

ತಂಪು ದಿನದಲ್ಲಿ ಒಂದು ಹೇಂಟೆ ಕಾಲು ಲೀಟರ್ ತನಕ ಕುಡಿಯುತ್ತದೆ. ಏಪ್ರಿಲ್-ಮೇನಲ್ಲಿ ಅದು ಅರ್ಧ ಲೀಟರ್ ಮುಟ್ಟುತ್ತದೆ. ಆರು ಕೋಳಿಗೆ ದಿನಕ್ಕೆ ಮೂರು ಲೀಟರ್ ಅಂತ ಇಟ್ಟುಕೊಳ್ಳಿ, ಚೆಲ್ಲುವುದಕ್ಕೆ ಇನ್ನೊಂದೆರಡು ಲೀಟರ್. ಆದರೆ ಲೆಕ್ಕಕ್ಕಿಂತ ದೊಡ್ಡದು ನೀರಿನ ತಂಪು. ನೀರು ಬಿಸಿಯಾದರೆ ಕೋಳಿ ಕುಡಿಯುವುದನ್ನು ಕಡಿಮೆ ಮಾಡುತ್ತದೆ. ಬಾಯಾರಿದ್ದರೂ ಅಷ್ಟೇ. ನನ್ನ ಎರಡು ಹೇಂಟೆ ತುಂಬಿದ ಡಬ್ಬಿಯ ಪಕ್ಕದಲ್ಲೇ ಸತ್ತದ್ದು ಹೀಗೆ.

ಪ್ಲಾಸ್ಟಿಕ್ ಡಬ್ಬಿ ತೆಗೆದಿಡಿ. ಅಗಲ ಬಾಯಿಯ ಮಣ್ಣಿನ ಬೋಗುಣಿ ತನ್ನಿ. ಕುಂಬಾರರ ಹತ್ತಿರ ಸಿಗುತ್ತದೆ. ಮಣ್ಣಿನ ಮೈಯಿಂದ ನೀರು ಸ್ವಲ್ಪ ಸ್ವಲ್ಪವೇ ಜಿನುಗಿ ಆರುತ್ತದೆ, ಒಳಗಿನ ನೀರು ತಣ್ಣಗಿರುತ್ತದೆ. ಒಳಗೆ ಮೆರುಗು ಬಳಿದ ಪಾತ್ರೆ ಬೇಡ, ಅದು ಜಿನುಗುವುದಿಲ್ಲ. ಮೂರು ಕಡೆ ಮೂರು ಬೋಗುಣಿ ಇಡಿ. ಜೋರಿನ ಕೋಳಿ ಒಂದರ ಮುಂದೆ ನಿಂತು ಉಳಿದವನ್ನು ಕುಟುಕಿ ಓಡಿಸುತ್ತದೆ, ಅದಕ್ಕೆ. ಮರಿಗಳಿದ್ದರೆ ಬೋಗುಣಿಯಲ್ಲಿ ಉರುಟು ಕಲ್ಲು ಹಾಕಿ, ಮುಳುಗಬಾರದು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಮಾಳಿಗೆ ಮೇಲಿನ ಟ್ಯಾಂಕಿನ ನೀರು ಮಧ್ಯಾಹ್ನ ನಲ್ಲಿಯಲ್ಲಿ ಕಾದು ಬರುತ್ತದೆ. ಅದನ್ನೇ ಹಿಡಿದು ಇಟ್ಟರೆ ಏನು ಪ್ರಯೋಜನ? ರಾತ್ರಿಯೇ ಒಂದು ಹರವಿ, ಅಂದರೆ ದೊಡ್ಡ ಮಣ್ಣಿನ ಕೊಡ, ತುಂಬಿ ನೆರಳಲ್ಲಿ ಇಡಿ. ಬೆಳಗಿನ ಜಾವದ ತಂಪು ಅದಕ್ಕೆ ಸಿಗುತ್ತದೆ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಮೂರಕ್ಕೆ ಆ ಹರವಿಯ ನೀರನ್ನೇ ಬದಲಿಸಿ. ಮಧ್ಯಾಹ್ನ ಮನೆಯಲ್ಲಿ ಯಾರೂ ಇರುವುದಿಲ್ಲವಾ? ನೀರಿನ ಬಾಟಲಿಯನ್ನು ಫ್ರೀಜರಿನಲ್ಲಿ ಗಡ್ಡೆ ಕಟ್ಟಿಸಿ, ಕೆಲಸಕ್ಕೆ ಹೊರಡುವಾಗ ಬೋಗುಣಿಯಲ್ಲಿ ಮಲಗಿಸಿ ಹೋಗಿ.

ಕುಡಿಯುವುದಕ್ಕೆ ಮಾತ್ರವಲ್ಲ, ನೀರಿಗೆ ಇನ್ನೂ ಕೆಲಸ ಇದೆ. ಬೇವಿನ ಮರದ ಕೆಳಗಿನ ಮಣ್ಣಿಗೆ ಬೆಳಿಗ್ಗೆ ಒಂದು ಬಕೆಟ್ ಸುರಿಯಿರಿ. ಹತ್ತರ ಹೊತ್ತಿಗೆ ಕೋಳಿಗಳು ಅಲ್ಲಿ ಕೆರೆದು ಗುಳಿ ಮಾಡಿಕೊಂಡು ಹೊಟ್ಟೆ ಊರಿ ಮಲಗುತ್ತವೆ. ಗೂಡಿನ ಗಾಳಿ ಬರುವ ಬದಿಯಲ್ಲಿ ಒದ್ದೆ ಗೋಣಿಚೀಲ ತೂಗುಬಿಡಿ, ಕೂಲರಿನ ಹಾಗೆ ಕೆಲಸ ಮಾಡುತ್ತದೆ. ಆದರೆ ಪೂರ್ತಿ ಮುಚ್ಚಬೇಡಿ, ಗಾಳಿ ನಿಂತರೆ ಒಳಗೆ ಸೆಕೆ. ಗೂಡಿನೊಳಗಿನ ಹಾಸು ಮಾತ್ರ ಒದ್ದೆಯಾಗಬಾರದು. ಒದ್ದೆ ಹಾಸಿನಿಂದ ಬರುವ ಘಾಟು ಕೋಳಿಯ ಕಣ್ಣು, ಶ್ವಾಸ ಎರಡನ್ನೂ ಕೆಡಿಸುತ್ತದೆ.

ಬಿಸಿಲು ತೀರ ಹೆಚ್ಚಾದ ದಿನ ಪಶು ಔಷಧದ ಅಂಗಡಿಯ ಎಲೆಕ್ಟ್ರೋಲೈಟ್ (ಲವಣಗಳ) ಪುಡಿಯನ್ನು ಒಂದು ಬೋಗುಣಿಗೆ ಬೆರೆಸಿ. ಉಳಿದ ಎರಡರಲ್ಲಿ ಬರೀ ನೀರೇ ಇರಲಿ.

ಹೆಜ್ಜೆ 4: ಮೇವು ಕೊಡುವ ಹೊತ್ತು

ತಿಂದದ್ದು ಅರಗುವಾಗ ಮೈ ಬಿಸಿಯಾಗುತ್ತದೆ. ತಿಂದ ಕೆಲವು ಗಂಟೆಗಳ ನಂತರ ಆ ಬಿಸಿ ಹೆಚ್ಚು. ಬೆಳಿಗ್ಗೆ ಹತ್ತಕ್ಕೆ ಹೊಟ್ಟೆ ತುಂಬಾ ಕಾಳು ಹಾಕಿದರೆ ಸರಿಯಾಗಿ ಸುಡು ಮಧ್ಯಾಹ್ನಕ್ಕೆ ಅದು ಒಳಗಿನಿಂದಲೂ ಕಾಯುತ್ತದೆ. ಹಾಗಾಗಿ ಬೆಳಕು ಹರಿಯುವ ಹೊತ್ತಿಗೆ, ಐದೂವರೆ ಆರಕ್ಕೆ, ಮೇವು ಹಾಕಿ. ಹತ್ತಕ್ಕೆ ಡಬ್ಬಿ ಎತ್ತಿಡಿ. ಸಂಜೆ ಐದಕ್ಕೆ ಮತ್ತೆ ಇಡಿ. ಮೊದಲ ಮೂರು ದಿನ ಕೋಳಿಗಳು ನಿಮ್ಮ ಹಿಂದೆ ಹಿಂದೆ ಬರುತ್ತವೆ. ಕರುಣೆಯಿಂದ ಹಿಡಿ ಕಾಳು ಎಸೆಯಬೇಡಿ.

ಮೊಟ್ಟೆ ಇಡುವ ಹೇಂಟೆಗೆ ದಿನಕ್ಕೆ 100ರಿಂದ 120 ಗ್ರಾಂ ಮೇವು. ಬೇಸಿಗೆಯಲ್ಲಿ ಅದು ಅಷ್ಟು ತಿನ್ನುವುದಿಲ್ಲ, ಆದ್ದರಿಂದ ತಿನ್ನುವ ಕಡಿಮೆಯಲ್ಲೇ ಸತ್ವ ಇರಬೇಕು. ಬರೀ ಜೋಳ, ಸಜ್ಜೆ, ಮಿಕ್ಕ ಅನ್ನ ಸಾಲದು. ಅಂಗಡಿಯ ಲೇಯರ್ ಮ್ಯಾಶ್, ಅಂದರೆ ಮೊಟ್ಟೆ ಇಡುವ ಕೋಳಿಗೆಂದೇ ಮಾಡಿದ ಪುಡಿ ಮೇವು, ಮುಖ್ಯ ಮೇವಾಗಿರಲಿ. ಚಿಪ್ಪುಪುಡಿಯನ್ನು ಬೇರೆ ಡಬ್ಬಿಯಲ್ಲಿಡಿ, ಬೇಕಾದಷ್ಟು ತಾವೇ ತಿನ್ನುತ್ತವೆ. ಮರಿಗಳಿಗೆ ಲೇಯರ್ ಮ್ಯಾಶ್ ಹಾಕಬೇಡಿ, ಅದರಲ್ಲಿನ ಸುಣ್ಣದ ಅಂಶ ಅವುಗಳ ಮೂತ್ರಪಿಂಡ ಕೆಡಿಸುತ್ತದೆ. ಬೆಳಿಗ್ಗೆ ಮ್ಯಾಶ್‌ಗೆ ಸ್ವಲ್ಪ ನೀರು ಬೆರೆಸಿ ಕೊಟ್ಟರೆ ಚೆನ್ನಾಗಿ ತಿನ್ನುತ್ತವೆ. ಅರ್ಧ ಗಂಟೆಯಲ್ಲಿ ಉಳಿದದ್ದನ್ನು ತೆಗೆಯಿರಿ, ಹುಳಿ ಬರುತ್ತದೆ. ಮಧ್ಯಾಹ್ನಕ್ಕೆ ಕಲ್ಲಂಗಡಿ ಸಿಪ್ಪೆ, ಸೌತೆಕಾಯಿ ಇದ್ದರೆ ಸಾಕು. ಪಕ್ಕದ ಮನೆಯ ಮಾವ್ಶಿ ರಸ್ತೆಬದಿಯ ಕಲ್ಲಂಗಡಿ ಗಾಡಿಯವರಿಂದ ಸಿಪ್ಪೆ ತಂದು ಕೊಡುತ್ತಾರೆ, ನಾನು ಅವರಿಗೆ ವಾರಕ್ಕೆ ಆರು ಮೊಟ್ಟೆ ಕೊಡುತ್ತೇನೆ.

ಹೆಜ್ಜೆ 5: ಬಿಸಿಲು ಬಡಿದರೆ ಆ ಕ್ಷಣ ಏನು ಮಾಡಬೇಕು

ಬಾಯಿ ತೆರೆದು ಉಸಿರಾಡುತ್ತಾ ಓಡಾಡಿಕೊಂಡಿದ್ದರೆ ಇನ್ನೂ ಹೊತ್ತಿದೆ. ನೆರಳು, ನೀರು ನೋಡಿ. ಕಣ್ಣು ಅರೆಮುಚ್ಚಿ ನಿಂತಿದ್ದರೆ, ಜುಟ್ಟು ಬಿಳಿಚಿದ್ದರೆ, ಕರೆದರೂ ಕದಲದಿದ್ದರೆ, ತೂರಾಡಿದರೆ ಒಂದು ನಿಮಿಷವೂ ಕಾಯಬೇಡಿ.

ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ ನೆರಳಿಗೆ ತನ್ನಿ. ಬಕೆಟಿನಲ್ಲಿ ಹರವಿಯ ನೀರು ತುಂಬಿ, ಕತ್ತಿನ ತನಕ ಮೈ ಮುಳುಗಿಸಿ. ಐಸ್ ನೀರು ಬೇಡ, ಮೈಗೆ ಆಘಾತವಾಗುತ್ತದೆ. ಗರಿಯ ಮೇಲೆ ಸುರಿದ ನೀರು ಜಾರಿಹೋಗುತ್ತದೆ, ಆದ್ದರಿಂದ ಗರಿ ಸರಿಸಿ ಚರ್ಮ ನೆನೆಸಿ. ಕಾಲು ಮತ್ತು ಹೊಟ್ಟೆ ಮುಖ್ಯ. ತಲೆ ನೀರಿನಿಂದ ಮೇಲೆಯೇ ಇರಲಿ. ಕೆಲವು ನಿಮಿಷದ ನಂತರ ತೆಗೆದು ಫ್ಯಾನಿನ ಮುಂದೆ ಕೂರಿಸಿ. ಒದ್ದೆ ಮೈಗೆ ಗಾಳಿ ತಾಗಿದರೆ ಬೇಗ ತಣಿಯುತ್ತದೆ. ಕೊಕ್ಕನ್ನು ನೀರಿಗೆ ತಾಗಿಸಿ, ತಾನಾಗಿ ಕುಡಿಯಲಿ. ಗಂಟಲಿಗೆ ಸುರಿದರೆ ಶ್ವಾಸನಾಳಕ್ಕೆ ಹೋಗಿ ಅದರಿಂದಲೇ ಸಾಯಬಹುದು. ಅವತ್ತು ಪೂರ್ತಿ ಬೇರೆಯಾಗಿ ಇಡಿ. ಸೋತ ಕೋಳಿಯನ್ನು ಉಳಿದವು ಕುಟುಕುತ್ತವೆ.

ಸುಡು ಮಧ್ಯಾಹ್ನ ಕೋಳಿಗಳನ್ನು ಓಡಿಸಬೇಡಿ, ಹಿಡಿಯಬೇಡಿ, ಸಾಗಿಸಬೇಡಿ. ಮಕ್ಕಳಿಗೂ ನಾಯಿಗೂ ಇದನ್ನು ಕಲಿಸಬೇಕು.

ಹೆಜ್ಜೆ 6: ಒಣ ನಾಡಿನ ಕಳ್ಳ, ಉಣ್ಣಿ

ಹೇನು ಎಲ್ಲ ಕಡೆ ಇರುತ್ತದೆ. ಅದಕ್ಕೆ ಬೂದಿ, ಮರಳು, ಒಣ ಮಣ್ಣು ಬೆರೆಸಿದ ಒಂದು ತೊಟ್ಟಿ ನೆರಳಲ್ಲಿಡಿ. ಕೋಳಿಗಳು ಅದರಲ್ಲಿ ಹೊರಳಾಡಿ ತಾವೇ ಮೈ ಚೊಕ್ಕ ಮಾಡಿಕೊಳ್ಳುತ್ತವೆ.

ಕೋಳಿ ಉಣ್ಣಿಯ ಕಥೆ ಬೇರೆ. ಅದು ಒಣ ಬಿಸಿ ನಾಡಿನದೇ ಜೀವಿ. ಹಗಲೆಲ್ಲ ಮರದ ಸೀಳು, ಗೋಡೆಯ ಬಿರುಕಿನಲ್ಲಿ ಅಡಗಿರುತ್ತದೆ. ರಾತ್ರಿ ಬಂದು ರಕ್ತ ಹೀರಿ ಮತ್ತೆ ಅಡಗುತ್ತದೆ. ಹಗಲು ಕೋಳಿಯ ಮೈ ಹುಡುಕಿದರೆ ದೊಡ್ಡ ಉಣ್ಣಿ ಒಂದೂ ಕಾಣುವುದಿಲ್ಲ. ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ, ಆದ್ದರಿಂದ ಗೂಡು ಒಂದೆರಡು ತಿಂಗಳು ಖಾಲಿ ಬಿಟ್ಟರೂ ಹೋಗುವುದಿಲ್ಲ. ಜುಟ್ಟು ಬಿಳಿಚುವುದು, ಮೊಟ್ಟೆ ನಿಲ್ಲುವುದು, ಸಂಜೆ ಗೂಡಿಗೆ ಹೋಗಲು ಹಿಂಜರಿಯುವುದು, ಕಾಲು ಸೋಲುವುದು ಇದರ ಗುರುತು. ಬಿಸಿಲಿಗೆ ಸೋತಿದೆ ಅಂದುಕೊಂಡು ನಾನು ಮೂರು ವಾರ ಕಳೆದಿದ್ದೆ. ರಾತ್ರಿ ಹತ್ತಕ್ಕೆ ಟಾರ್ಚ್ ಹಿಡಿದು ಹೋದಾಗ ಕೂರುವ ಕೋಲಿನ ತುದಿಯಲ್ಲಿ ಸಾಲುಸಾಲಾಗಿ ಕಂಡವು.

ಪರಿಹಾರ ಗೂಡಿನಲ್ಲಿದೆ. ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ. ಬಿದಿರಿನ ಕೋಲಾದರೆ ಪೊಳ್ಳು ತುದಿ ಮುಚ್ಚಿ, ತೊಗಟೆ ಇರುವ ಕೋಲು ಬೇಡವೇ ಬೇಡ. ಕೋಳಿಗಳನ್ನು ಹೊರಗೆ ಬಿಟ್ಟು ಸಂದುಗಳಿಗೆ ಕುದಿಯುವ ನೀರು ಸುರಿಯಿರಿ, ಆಮೇಲೆ ದಪ್ಪಗೆ ಸುಣ್ಣ ಬಳಿಯಿರಿ. ವಾರ ಬಿಟ್ಟು ಮತ್ತೊಮ್ಮೆ ಮಾಡಿ. ಔಷಧ ಸಿಂಪಡಿಸಬೇಕಾದರೆ ಪಶು ವೈದ್ಯರನ್ನು ಕೇಳಿಯೇ ಸಿಂಪಡಿಸಿ. ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತಲೂ ಕೇಳಿಕೊಳ್ಳಿ.

ಹೆಜ್ಜೆ 7: ಮೊಟ್ಟೆ ಮತ್ತು ಕಾವು

ಬೇಸಿಗೆಯಲ್ಲಿ ಮೊಟ್ಟೆ ಕಡಿಮೆಯಾಗುವುದು ಸಹಜ. ಒತ್ತಾಯ ಮಾಡಬೇಡಿ. ಇಟ್ಟದ್ದನ್ನು ದಿನಕ್ಕೆ ಎರಡು ಸಲ ಎತ್ತಿ. ಹುಂಜ ಇರುವ ಮನೆಯಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ 35 ಡಿಗ್ರಿ ಸೆಕೆಯಲ್ಲಿ ಮೊಟ್ಟೆ ಸುಮ್ನೆ ಬಿದ್ದಿದ್ದರೂ ಒಳಗೆ ಮರಿ ಬೆಳೆಯಲು ಶುರುವಾಗುತ್ತದೆ. ತೊಳೆಯದೆ, ಒಣ ಬಟ್ಟೆಯಲ್ಲಿ ಒರೆಸಿ ಫ್ರಿಜ್ಜಿನಲ್ಲಿಡಿ.

ಹೇಂಟೆ ಏಪ್ರಿಲಿನಲ್ಲಿ ಕಾವಿಗೆ ಕೂತರೆ ನಾನು ಎಬ್ಬಿಸುತ್ತೇನೆ. 21 ದಿನ ಅದು ಸರಿಯಾಗಿ ತಿನ್ನದೆ, ಕುಡಿಯದೆ ಕೂರುತ್ತದೆ. ಈ ಬಿಸಿಲಲ್ಲಿ ಜೀವಕ್ಕೇ ಅಪಾಯ. ಜಾಲರಿ ತಳದ ಪಂಜರದಲ್ಲಿ, ಮೇವು ನೀರು ಕೊಟ್ಟು ಮೂರು ನಾಲ್ಕು ದಿನ ಇಟ್ಟರೆ ಹೊಟ್ಟೆಗೆ ಗಾಳಿ ತಾಗಿ ಕಾವು ಬಿಡುತ್ತದೆ.

ಹೆಜ್ಜೆ 8: ಲಸಿಕೆ

ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಒಂದೇ ವಾರದಲ್ಲಿ ಹಿತ್ತಲು ಖಾಲಿ ಮಾಡುತ್ತದೆ. ಇಲ್ಲಿಯವರು ಮಾನಮೋಡಿ ಅನ್ನುತ್ತಾರೆ, ಕತ್ತು ತಿರುಚುತ್ತದಲ್ಲ, ಅದಕ್ಕೆ. ಇದಕ್ಕೆ ಮರಿ ಹುಟ್ಟಿದ ಮೊದಲ ವಾರದಲ್ಲಿ ಲಾಸೋಟಾ ಲಸಿಕೆಯ ಹನಿ, ನಾಲ್ಕನೇ ವಾರ ಮತ್ತೊಮ್ಮೆ, ಎಂಟನೇ ವಾರ ಇದೇ ರೋಗದ ಆರ್‌ಟುಬಿ ಚುಚ್ಚುಮದ್ದು. ಸಿಡುಬಿನ ಲಸಿಕೆ ಆರನೇ ವಾರದ ಹೊತ್ತಿಗೆ. ಪಡ್ಡೆ ಕೋಳಿ ತರುವಾಗ ಇವುಗಳಲ್ಲಿ ಏನೇನು ಆಗಿದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಅಂಗಡಿಯಿಂದ ಸ್ಕೂಟರಿನ ಡಿಕ್ಕಿಯಲ್ಲಿ ಹಾಗೇ ತಂದರೆ ದಾರಿಯಲ್ಲೇ ಸತ್ವ ಹೋಗುತ್ತದೆ, ಐಸ್ ಇಟ್ಟ ಫ್ಲಾಸ್ಕ್ ಒಯ್ಯಿರಿ. ಒಂದು ಸೀಸೆಯಲ್ಲಿ ನೂರಾರು ಕೋಳಿಗೆ ಆಗುವಷ್ಟು ಇರುತ್ತದೆ, ತೆರೆದ ಮೇಲೆ ಉಳಿಯುವುದಿಲ್ಲ. ಓಣಿಯ ಕೋಳಿಯವರೆಲ್ಲ ಸೇರಿ ಒಂದೇ ಬೆಳಿಗ್ಗೆ, ಬಿಸಿಲೇರುವ ಮುನ್ನ ಹಾಕಿಸಿ.

ಒಟ್ಟೊಟ್ಟಿಗೆ ಕೋಳಿಗಳು ಸತ್ತರೆ ಬಿಸಿಲು ಅಂದುಕೊಂಡು ಸುಮ್ಮನಾಗಬೇಡಿ. ದೇಶದ ಮೊದಲ ಹಕ್ಕಿಜ್ವರ 2006ರಲ್ಲಿ ಕಾಣಿಸಿದ್ದು ಇದೇ ಮಹಾರಾಷ್ಟ್ರದ ನವಾಪುರದಲ್ಲಿ. ಸತ್ತವನ್ನು ಬರಿಗೈಯಲ್ಲಿ ಮುಟ್ಟದೆ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಿ.

ಜೂನ್ ಮೊದಲ ಮಳೆ

ಆಕಾಶ ಕಪ್ಪಾದ ದಿನವೇ ಎಲ್ಲ ತಿರುಗಿಸಬೇಕು. ಚಾವಣಿ ಮೇಲಿನ ರವದಿ ಇಳಿಸಿ, ನೆನೆದರೆ ಕೊಳೆಯುತ್ತದೆ. ಗೋಣಿಚೀಲ ಬಿಚ್ಚಿ ಒಣಗಿಸಿ ಎತ್ತಿಡಿ. ಮಳೆ ಬಡಿಯುವ ಬದಿಗೆ ತಾಡಪತ್ರಿ ಕಟ್ಟಿ, ಮೇಲೆ ಒಂದು ಅಡಿ ಗಾಳಿಗೆ ಬಿಡಿ. ಬೇಸಿಗೆಯಲ್ಲಿ ಎರಡು ಇಂಚು ಇದ್ದ ಭತ್ತದ ಹೊಟ್ಟಿನ ಹಾಸನ್ನು ನಾಲ್ಕೈದು ಇಂಚಿಗೆ ಏರಿಸಿ, ದಿನಾ ಕೆದರಿ. ಈ ಹಾಸು ಒದ್ದೆಯಾದರೆ ರಕ್ತಭೇದಿ ಬರುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡ ಅದೇ ದಿನ ವೈದ್ಯರ ಹತ್ತಿರ ಹೋಗಿ. ಮೇವಿನ ಚೀಲವನ್ನು ನೆಲದಿಂದ ಎತ್ತರಿಸಿ, ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಹಾಕಲೇಬೇಡಿ. ಮಣ್ಣಿನ ಬೋಗುಣಿಗಳನ್ನು ತೊಳೆದು, ಒಣಗಿಸಿ, ಮಾರ್ಚಿಗೆ ಸಿಗುವ ಹಾಗೆ ಒಳಗಿಡಿ.